ಮಹಾದಾಯಿಯಿಂದ ಮಹಾಸಾಗರಕ್ಕೆ: ಭಾರತದ ಸಾಗರನೌಕಾ ತಂಡ ರೂಪುಗೊಂಡ ಬಗೆ

೧

ಗೋಕಾಕದ ಜಲಪಾತದ ಬಳಿ ನಿಂತು, ಘಟಪ್ರಭೆಯ ನೀರು ಸುಮಾರು ೧೭೦ ಅಡಿಗಳ ಆಳಕ್ಕೆ ಧುಮುಕುವುದನ್ನು ನೋಡುವವರಿಗೆ ಸಮುದ್ರದ ನೆನಪು ಬರುವುದು ಅಪರೂಪ. ಸಹ್ಯಾದ್ರಿಯಲ್ಲಿ ಹುಟ್ಟಿ, ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ನೆಲವನ್ನು ತೋಯಿಸಿ, ಮುಂದೆ ಕೃಷ್ಣೆಯನ್ನು ಕೂಡುವ ಈ ನದಿಯ ನೀರು ಬಂಗಾಳ ಕೊಲ್ಲಿಯನ್ನು ಮುಟ್ಟಬೇಕಾದರೆ ದಖನ್ ಪ್ರಸ್ಥಭೂಮಿಯನ್ನು ಉದ್ದಕ್ಕೂ ದಾಟಬೇಕು. ಆದರೆ ಇದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹಾದಾಯಿಯ ದಾರಿ ಬೇರೆ. ಅದು ಪಶ್ಚಿಮಕ್ಕೆ ತಿರುಗಿ, ಘಟ್ಟವನ್ನಿಳಿದು, ಗೋವೆಯಲ್ಲಿ ಮಾಂಡವಿ ಎಂಬ ಹೆಸರನ್ನು ತಾಳಿ, ಪಣಜಿಯ ಬಳಿ ಅರಬ್ಬಿ ಸಮುದ್ರವನ್ನು ಸೇರುತ್ತದೆ.

ಕನ್ನಡಿಗರಿಗೆ ಮಹಾದಾಯಿ ಎಂದೊಡನೆ ನೆನಪಾಗುವುದು ನೀರಿನ ಹಂಚಿಕೆಯ ವ್ಯಾಜ್ಯ. ೨೦೧೮ರ ಆಗಸ್ಟಿನಲ್ಲಿ ನ್ಯಾಯಾಧಿಕರಣವು ಅದರ ಬಗ್ಗೆ ತೀರ್ಪನ್ನಿತ್ತಿತು. ಆದರೆ ಇದೇ ಹೆಸರು ಭಾರತದ ನೌಕಾಯಾನದ ಇತಿಹಾಸದಲ್ಲಿ ಇನ್ನೊಂದು ಸ್ಥಾನವನ್ನು ಪಡೆದಿದೆ ಎಂಬುದು ನಮ್ಮಲ್ಲಿ ಹೆಚ್ಚು ಜನರ ಗಮನಕ್ಕೆ ಬಂದಂತಿಲ್ಲ. ೨೦೦೯ರಲ್ಲಿ ಮಾಂಡವಿಯ ದಿವಾಡಿ ದ್ವೀಪದಲ್ಲಿ ಕಟ್ಟಿ ಮುಗಿಸಿದ ೫೬ ಅಡಿ ಉದ್ದದ ಹಾಯಿನಾವೆಯೊಂದಕ್ಕೆ ಭಾರತೀಯ ನೌಕಾಪಡೆಯು ಈ ನದಿಯ ಮೂಲನಾಮವನ್ನೇ ಇಟ್ಟಿತು. ಗೋವೆಯವರ ಉಚ್ಚಾರಣೆಯಲ್ಲಿ ಅದು 'ಮ್ಹಾದೇಯಿ'. ಗೋವೆಯ ಸತ್ತರಿ ತಾಲ್ಲೂಕಿನ ಹಳ್ಳಿಗಳಲ್ಲಿ ದೋಣಿಯ ಮೇಲೆ ನಿಂತ ದೇವಿಯ ಹಳೆಯ ಶಿಲ್ಪಗಳಿವೆ. ನಾವೆಗೆ ಹೆಸರು ಬಂದದ್ದು ಈ ನಾವಿಕದೇವತೆಯ ನೆನಪಿನಿಂದ.

ಭಾರತಕ್ಕೆ ಮಹಾಸಾಗರದಲ್ಲಿ ಹಾಯಿಬಿಚ್ಚಿ ಸಾಗಬಲ್ಲ, ಪಂದ್ಯದಲ್ಲಿ ಇತರ ರಾಷ್ಟ್ರಗಳೊಡನೆ ನಿಲ್ಲಬಲ್ಲ ಒಂದು ತಂಡವು ಹೇಗೆ ದೊರೆಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ತಂಡವೆಂದರೆ ಒಂದು ಹಡಗಿನಲ್ಲಿ ಒಟ್ಟಿಗೆ ಕುಳಿತವರ ಕೂಟ ಎಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ಸಾಲದು. ಭಾರತದ ಸಾಗರನೌಕಾ ತಂಡವು ಒಬ್ಬರಿಂದ ಇನ್ನೊಬ್ಬರಿಗೆ ಇಳಿದುಬಂದ ವಿದ್ಯೆಯ ಪರಂಪರೆಯಾಗಿ ರೂಪುಗೊಂಡಿತು. ಅದರ ಬಲವೂ ಅಲ್ಲಿಯೇ ಇದೆ, ದೌರ್ಬಲ್ಯವೂ ಅಲ್ಲಿಯೇ ಇದೆ ಎಂಬುದು ನಮ್ಮ ಅಭಿಪ್ರಾಯ.

೨

ಈ ಪರಂಪರೆಯು ಬರಿನೆಲದಲ್ಲಿ ಹುಟ್ಟಲಿಲ್ಲ. ಖಾನಾಪುರ ತಾಲ್ಲೂಕಿನ ಹಲಸಿಯು ಗೋವೆಯ ಕದಂಬರ ಎರಡನೆಯ ರಾಜಧಾನಿಯಾಗಿತ್ತು. ಘಟ್ಟದ ಮೇಲಿನ ಹಲಸಿಗೆ ಸಂಬಂಧಿಸಿದ ನಾಡನ್ನೂ ಘಟ್ಟದ ಕೆಳಗಿನ ಕೊಂಕಣವನ್ನೂ ಒಟ್ಟಿಗೆ ಆಳಿದ ಈ ಅರಸರಿಗೆ ನೆಲದಷ್ಟೇ ಕಡಲೂ ತಮ್ಮದಾಗಿತ್ತು. ಹನ್ನೊಂದನೆಯ ಶತಮಾನದ ಒಂದನೆಯ ಜಯಕೇಶಿಯ ತಾಮ್ರಶಾಸನವು ಅವನ ಪೂರ್ವಜ ಗೂಹಲ್ಲದೇವನ ಸೋಮನಾಥ ಯಾತ್ರೆಯೊಂದನ್ನು ನೆನೆಯುತ್ತದೆ. ಸಮುದ್ರಮಾರ್ಗವಾಗಿ ಹೊರಟ ದೊರೆಯ ಹಡಗಿನ ಕೂವೆಮರವು ನಡುದಾರಿಯಲ್ಲಿ ಮುರಿಯಿತು. ಅವನು ಗೋವೆಯ ರೇವಿನಲ್ಲಿ ಆಶ್ರಯ ಪಡೆಯಬೇಕಾಯಿತು. ಆಗ ಅವನ ನೆರವಿಗೆ ಬಂದವನು ಮದುಮದ ಎಂಬ ಅರಬ ಮೂಲದ ವರ್ತಕ. ಜಯಕೇಶಿಯ ಕಾಲಕ್ಕೆ ಆ ವರ್ತಕನ ಮನೆತನವು ರಾಜಮನ್ನಣೆಗೆ ಪಾತ್ರವಾಗಿತ್ತು. ಕಡಲಿನಲ್ಲಿ ಕಷ್ಟಕ್ಕೊದಗಿದವನ ಕುಲ, ಮತಗಳನ್ನು ಕೇಳುವ ರೂಢಿ ನಾವಿಕರಲ್ಲಿಲ್ಲ ಎಂಬುದಕ್ಕೆ ಇದು ನಮ್ಮ ನಾಡಿನ ಹಳೆಯ ಸಾಕ್ಷ್ಯ. ಮುರಿದ ಕೂವೆಮರದ ಈ ಕಥೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದು ಇಪ್ಪತ್ತೊಂದನೆಯ ಶತಮಾನದಲ್ಲಿ ಮತ್ತೊಮ್ಮೆ ನಮಗೆದುರಾಗುತ್ತದೆ.

ಕದಂಬರ ತರುವಾಯವೂ ಕನ್ನಡ ಕರಾವಳಿಯ ಹಾಯಿಗಳು ಕೆಳಗಿಳಿಯಲಿಲ್ಲ. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನು ಹೊನ್ನಾವರದ ನೌಕಾಬಲವನ್ನು ಕಂಡಿದ್ದನು. ಭಟ್ಕಳ, ಬಸರೂರು, ಮಂಗಳೂರುಗಳ ರೇವುಗಳಿಂದ ಅಕ್ಕಿ, ಮೆಣಸು ಹೊರದೇಶಗಳಿಗೆ ಹೋಗುತ್ತಿದ್ದವು. ಮಂಗಳೂರಿನಲ್ಲಿ ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಮಂಜಿ, ಮಚವೆ, ಪತ್ತೆಮಾರಿಗಳಿಗೆ ಹೊಸದೊಂದು ಸರಕು ದೊರೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಎಂಜಿನ್ನು ಬಂದಂತೆ ಹಾಯಿ ಹಿಂದೆ ಸರಿಯಿತು. ಹಾಯಿಯೊಡನೆ ಗಾಳಿಯನ್ನು ಓದುವ ವಿದ್ಯೆಯೂ ಮನೆತನಗಳಿಂದ ಜಾರಿತು.

ಇತ್ತ ಹಾಯಿದೋಣಿಯ ಕ್ರೀಡೆಯು ಭಾರತಕ್ಕೆ ಬಂದದ್ದು ಈ ದುಡಿಮೆಯ ನಾವಿಕರ ಮೂಲಕವಲ್ಲ, ಆಂಗ್ಲರ ಕ್ಲಬ್ಬುಗಳ ಮೂಲಕ. ಮುಂಬಯಿಯ ಯಾಟ್ ಕ್ಲಬ್ಬು ೧೮೪೬ರಲ್ಲಿ ಸ್ಥಾಪಿತವಾಯಿತು. ಸ್ವತಂತ್ರ ಭಾರತದಲ್ಲಿ ೧೯೬೦ರಲ್ಲಿ ಭಾರತೀಯ ಯಾಟಿಂಗ್ ಸಂಘವು ಹುಟ್ಟಿತು. ಕ್ಲಬ್ಬಿನವರ ಆಟವು ಬಂದರಿನ ಒಳಗಿನದು. ಮಂಜಿಯವರ ಪಯಣವು ಹೊರಗಡಲಿನದು. ಇವೆರಡೂ ಒಂದನ್ನೊಂದು ಕೂಡದೆ ಉಳಿದದ್ದರಿಂದಲೇ ಸ್ವಾತಂತ್ರ್ಯಾನಂತರದ ಮೊದಲ ದಶಕಗಳಲ್ಲಿ ಭಾರತಕ್ಕೆ ಸಾಗರಪಂದ್ಯದ ತಂಡವಿರಲಿಲ್ಲ ಎಂದು ನಮಗೆ ತೋರುತ್ತದೆ.

೩

ಸಾಗರಪಂದ್ಯವೆಂದರೇನು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಅವಶ್ಯ. ದಡದಿಂದ ಕಾಣುವ ಗುರುತುಗಳ ಸುತ್ತ ಕೆಲವು ಗಂಟೆ ನಡೆಯುವುದು ಬಂದರಿನ ಪಂದ್ಯ. ಹಗಲಿರುಳೆನ್ನದೆ ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುವುದು ಸಾಗರಪಂದ್ಯ. ಇಲ್ಲಿ ನಾವಿಕರು ಪಾಳಿಯ ಮೇಲೆ ಎಚ್ಚರವಿರಬೇಕು. ಹರಿದ ಹಾಯಿಯನ್ನು ತಾವೇ ಹೊಲಿಯಬೇಕು. ಕೆಟ್ಟ ಯಂತ್ರವನ್ನು ತಾವೇ ದುರಸ್ತಿ ಮಾಡಿಕೊಳ್ಳಬೇಕು. ಇಂಗ್ಲೆಂಡಿನ ಫಾಸ್ಟ್‌ನೆಟ್ ಪಂದ್ಯವು ೧೯೨೫ರಲ್ಲಿಯೂ ಆಸ್ಟ್ರೇಲಿಯದ ಸಿಡ್ನಿ–ಹೋಬಾರ್ಟ್ ಪಂದ್ಯವು ೧೯೪೫ರಲ್ಲಿಯೂ ಮೊದಲಾದವು. ೧೯೫೭ರಲ್ಲಿ ಆರಂಭವಾದ ಅಡ್ಮಿರಲ್ಸ್ ಕಪ್ ಪಂದ್ಯಾವಳಿಯಲ್ಲಿ ಒಂದೊಂದು ದೇಶವೂ ಮೂರು ನಾವೆಗಳ ತಂಡವನ್ನು ಕಳುಹಿಸುತ್ತಿತ್ತು. ರಾಷ್ಟ್ರೀಯ ತಂಡವೆಂಬ ಕಲ್ಪನೆಯು ಈ ಕ್ರೀಡೆಯಲ್ಲಿ ಬಲವಾಗಿ ಬೇರೂರಿದ್ದು ಹೀಗೆ. ಇದು ಬರಿಯ ವಿನೋದವಲ್ಲ. ೧೯೭೯ರ ಫಾಸ್ಟ್‌ನೆಟ್ ಪಂದ್ಯದಲ್ಲಿ ಬಿರುಗಾಳಿಗೆ ಸಿಕ್ಕಿ ೧೫ ಮಂದಿ ಸ್ಪರ್ಧಿಗಳು ಪ್ರಾಣ ಕಳೆದುಕೊಂಡರು.

ಭೂಪ್ರದಕ್ಷಿಣೆಯ ಲೆಕ್ಕವು ಇನ್ನೂ ಕಠಿಣ. ಅಕ್ಷಾಂಶದ ಒಂದು ಕಲೆಯ ಉದ್ದವೇ ಸುಮಾರಾಗಿ ಒಂದು ನಾವಿಕ ಮೈಲಿ, ಅಂದರೆ ೧೮೫೨ ಮೀಟರು. ಭೂಮಿಯ ಸುತ್ತಳತೆಯು ೩೬೦ ಅಂಶಗಳಾದುದರಿಂದ ಅದನ್ನು ೬೦ರಿಂದ ಗುಣಿಸಿದರೆ ೨೧,೬೦೦ ನಾವಿಕ ಮೈಲಿಗಳಾಗುತ್ತವೆ. ಪ್ರದಕ್ಷಿಣೆ ಮಾಡುವವನು ಕನಿಷ್ಠ ಇಷ್ಟು ದೂರವನ್ನು ಕ್ರಮಿಸಬೇಕು; ಎಲ್ಲ ರೇಖಾಂಶಗಳನ್ನೂ ದಾಟಬೇಕು; ಭೂಮಧ್ಯರೇಖೆಯನ್ನು ಎರಡು ಬಾರಿ ಹಾಯಬೇಕು; ಸುಯೆಜ್, ಪನಾಮಾಗಳ ಕಾಲುವೆಯನ್ನು ಬಳಸಬಾರದು. ಆಸ್ಟ್ರೇಲಿಯದ ಲೂವಿನ್, ದಕ್ಷಿಣ ಅಮೆರಿಕದ ಹಾರ್ನ್, ಆಫ್ರಿಕದ ಗುಡ್‌ಹೋಪ್ ಎಂಬ ಮೂರು ಭೂಶಿರಗಳ ದಕ್ಷಿಣಕ್ಕೆ ಹಾದುಹೋಗಬೇಕು. ದಕ್ಷಿಣದ ೪೦ನೆಯ ಅಕ್ಷಾಂಶದಿಂದಾಚೆಗೆ ಗಾಳಿಯನ್ನು ತಡೆಯುವ ನೆಲವು ಬಹಳ ಕಡಿಮೆ. ಆದ್ದರಿಂದ ಅಲ್ಲಿನ ಪಶ್ಚಿಮದ ಗಾಳಿ ಭೂಮಿಯನ್ನೇ ಸುತ್ತುತ್ತ ಅಲೆಗಳನ್ನು ಬೆಟ್ಟದಂತೆ ಎಬ್ಬಿಸುತ್ತದೆ.

ಈ ದಾರಿಯಲ್ಲಿ ಭಾರತದ ಹೆಸರು ಮೊದಲು ಕೇಳಿಬಂದದ್ದು ನಾವಿಕನ ಮೂಲಕವಲ್ಲ, ನಾವೆಯ ಮೂಲಕ. ೧೯೬೮ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಒಬ್ಬಂಟಿಯಾಗಿ, ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯವನ್ನು ಏರ್ಪಡಿಸಿತು. ಹೊರಟ ಒಂಬತ್ತು ಮಂದಿಯಲ್ಲಿ ಪಂದ್ಯವನ್ನು ಮುಗಿಸಿದವರು ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ. ೧೯೬೯ರ ಏಪ್ರಿಲ್ ೨೨ರಂದು, ೩೧೨ ದಿನಗಳ ತರುವಾಯ ಅವರು ಫಾಲ್ಮತ್ ಬಂದರಿಗೆ ಮರಳಿದರು. ಅವರ ೩೨ ಅಡಿಯ 'ಸುಹೈಲಿ'ಯು ಮುಂಬಯಿಯ ಬಡಗಿಗಳು ತೇಗದ ಮರದಲ್ಲಿ ಕಟ್ಟಿದ ನಾವೆ. ಜಗತ್ತಿನ ಮೊದಲ ಒಬ್ಬಂಟಿ ನಿರಂತರ ಪ್ರದಕ್ಷಿಣೆಯನ್ನು ಭಾರತದ ಕೈಗೆಲಸವು ಹೊತ್ತುಕೊಂಡಿತ್ತು. ಆದರೆ ಚುಕ್ಕಾಣಿಯ ಬಳಿ ಭಾರತೀಯನಿರಲಿಲ್ಲ.

ಆ ಕೊರತೆಯನ್ನು ಮೊದಲು ತುಂಬಿದವರು ಭೂಸೇನೆಯ ಎಂಜಿನಿಯರ್ ದಳದವರು ಎಂಬುದು ಸ್ವಾರಸ್ಯದ ಸಂಗತಿ. ಟಿ. ಪಿ. ಎಸ್. ಚೌಧುರಿಯವರ ನೇತೃತ್ವದಲ್ಲಿ ಅವರ 'ತೃಷ್ಣಾ' ನಾವೆಯು ೧೯೮೫ರ ಸೆಪ್ಟೆಂಬರ್ ೨೮ರಂದು ಇಂಗ್ಲೆಂಡಿನಿಂದ ಹೊರಟು, ಭೂಮಿಯನ್ನು ಸುತ್ತಿ, ೧೯೮೭ರ ಜನವರಿ ೧೦ರಂದು ಮುಂಬಯಿಗೆ ಬಂದಿತು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಅಭ್ಯಾಸ ನಡೆಸುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಹಾಯಿದೋಣಿ ಸಂಘವು ಇದೇ 'ತೃಷ್ಣಾ' ಎಂಬ ಹೆಸರನ್ನು ಹೊತ್ತಿದೆ. ಕಡಲಿನಿಂದ ಇನ್ನೂರು ಮೈಲಿ ದೂರದ ಕೆರೆಯೊಂದರಲ್ಲಿ ಆ ಪಯಣದ ನೆನಪು ಉಳಿದಿದೆ. ಆದರೆ ತೃಷ್ಣಾ ವಿದೇಶದಲ್ಲಿ ಕೊಂಡ ನಾವೆ. ಸುಹೈಲಿಯಲ್ಲಿ ನಾವೆ ನಮ್ಮದು, ನಾವಿಕ ಹೊರಗಿನವನು. ತೃಷ್ಣಾದಲ್ಲಿ ನಾವಿಕರು ನಮ್ಮವರು, ನಾವೆ ಹೊರಗಿನದು. ಎರಡೂ ಒಂದೆಡೆ ಕೂಡಲು ಇನ್ನೂ ಎರಡು ದಶಕಗಳು ಬೇಕಾದವು.

೪

ಇವೆರಡನ್ನು ಕೂಡಿಸುವ ಯೋಚನೆಯನ್ನು ಮಾಡಿದವರು ನಿವೃತ್ತ ವೈಸ್ ಅಡ್ಮಿರಲ್ ಮನೋಹರ ಪ್ರಹ್ಲಾದ ಅವಟಿ. ೧೯೭೧ರ ಯುದ್ಧದಲ್ಲಿ ವೀರಚಕ್ರ ಪಡೆದಿದ್ದ ಇವರು, ಭಾರತದಲ್ಲಿ ಕಟ್ಟಿದ ನಾವೆಯಲ್ಲಿ ಭಾರತೀಯನೊಬ್ಬನು ಒಬ್ಬಂಟಿಯಾಗಿ ಭೂಮಿಯನ್ನು ಸುತ್ತಬೇಕೆಂಬ 'ಸಾಗರ ಪರಿಕ್ರಮ' ಯೋಜನೆಯನ್ನು ನೌಕಾಪಡೆಯ ಮುಂದಿಟ್ಟರು. ೨೦೦೬ರಲ್ಲಿ ಕಮಾಂಡರ್ ದಿಲೀಪ ದೋಂದೆಯವರು ತಾವಾಗಿಯೇ ಮುಂದೆ ಬಂದು ಈ ಹೊಣೆಯನ್ನು ಹೊತ್ತರು.

ದೋಂದೆಯವರು ಮಾಡಿದ ಮೊದಲ ಕೆಲಸಗಳಲ್ಲೊಂದು ಗಮನಾರ್ಹವಾಗಿದೆ. ಅವರು ನಾಕ್ಸ್-ಜಾನ್‌ಸ್ಟನ್ನರ ಬಳಿಗೆ ಹೋಗಿ, ಅವರು ಇನ್ನೊಂದು ಭೂಪ್ರದಕ್ಷಿಣೆಯ ಪಂದ್ಯಕ್ಕೆ ಸಿದ್ಧವಾಗುತ್ತಿದ್ದಾಗ ದಡದ ಮೇಲಿನ ಸಹಾಯಕರಾಗಿ ದುಡಿದರು. ಮುಂಬಯಿಯ ತೇಗದ ನಾವೆಯಲ್ಲಿ ಜಗತ್ತನ್ನು ಸುತ್ತಿದವರಿಂದ ಮುಂಬಯಿಯಿಂದ ಹೊರಡಲಿದ್ದವರಿಗೆ ವಿದ್ಯೆಯು ಹೀಗೆ ಮರಳಿಬಂದಿತು. ನಾವೆಯನ್ನು ಕಟ್ಟುವ ಕೆಲಸವನ್ನು ದಿವಾಡಿಯ ರತ್ನಾಕರ ದಾಂಡೇಕರರು ವಹಿಸಿಕೊಂಡರು. ಅದುವರೆಗೆ ಮಹಾಸಾಗರಕ್ಕೆ ಹೋಗುವ ಹಾಯಿನಾವೆಯನ್ನು ಅವರು ಕಟ್ಟಿರಲಿಲ್ಲ. ನಾವಿಕನೂ ಶಿಲ್ಪಿಯೂ ಜೊತೆಯಲ್ಲಿಯೇ ಕಲಿತರು. ತಾನು ಏರಲಿರುವ ನಾವೆಯ ಒಂದೊಂದು ಹಲಗೆಯನ್ನೂ ಕಂಡವನಿಗೆ ಸಾಗರಮಧ್ಯದಲ್ಲಿ ಅದನ್ನು ದುರಸ್ತಿಮಾಡುವ ಧೈರ್ಯವು ತಾನಾಗಿ ಬರುತ್ತದೆ.

ದೋಂದೆಯವರು ೨೦೦೯ರ ಆಗಸ್ಟ್ ೧೯ರಂದು ಮುಂಬಯಿಯಿಂದ ಹೊರಟು, ನಾಲ್ಕು ಬಂದರುಗಳಲ್ಲಿ ಮಾತ್ರ ತಂಗಿ, ೨೦೧೦ರ ಮೇ ತಿಂಗಳಿನಲ್ಲಿ ಮರಳಿದರು. ಒಬ್ಬಂಟಿಯಾಗಿ ಹಾಯಿನಾವೆಯಲ್ಲಿ ಭೂಮಿಯನ್ನು ಸುತ್ತಿದ ಮೊದಲ ಭಾರತೀಯರು ಅವರೇ. ಆ ಪಯಣದಲ್ಲಿ ದಡದ ಮೇಲಿನ ಸಹಾಯಕರಾಗಿದ್ದವರು ಅಭಿಲಾಷ್ ಟೋಮಿ ಎಂಬ ತರುಣ ಅಧಿಕಾರಿ. ೨೦೧೧ರಲ್ಲಿ ಮ್ಹಾದೇಯಿಯು ಕೇಪ್‌ಟೌನಿನಿಂದ ರಿಯೋ ದ ಜನೈರೋವರೆಗಿನ ಸಾಗರಪಂದ್ಯದಲ್ಲಿ ಭಾಗವಹಿಸಿತು. ಮುಂದಿನ ವರ್ಷ, ೨೦೧೨ರ ನವೆಂಬರ್ ೧ರಂದು, ಅದೇ ನಾವೆಯಲ್ಲಿ ಟೋಮಿಯವರು ಮುಂಬಯಿಯಿಂದ ಹೊರಟು, ಯಾವ ಬಂದರಿನಲ್ಲಿಯೂ ನಿಲ್ಲದೆ ಪ್ರದಕ್ಷಿಣೆಯನ್ನು ಮುಗಿಸಿ, ೨೦೧೩ರ ಮಾರ್ಚ್ ೩೧ರಂದು ಮರಳಿದರು. ಸಹಾಯಕನಾಗಿದ್ದವನು ನಾವಿಕನಾದನು. ಈ ಕ್ರಮವೇ ಮುಂದೆಯೂ ನಡೆಯಿತು.

ತರುವಾಯ ಮ್ಹಾದೇಯಿಯು ಒಂದು ಪಾಠಶಾಲೆಯಾಯಿತು. ನೌಕಾಪಡೆಯ ಮಹಿಳಾ ಅಧಿಕಾರಿಗಳು ಅದರ ಮೇಲೆ ಅಭ್ಯಾಸ ಮಾಡಿ ೨೦೧೬ರಲ್ಲಿ ಮಾರಿಷಸ್‌ವರೆಗೆ ಹೋಗಿಬಂದರು. ಅವರಿಗೆ ಕಲಿಸಿದವರು ದೋಂದೆಯವರು. ದಿವಾಡಿಯಲ್ಲಿಯೇ ಕಟ್ಟಿದ 'ತಾರಿಣಿ' ಎಂಬ ಎರಡನೆಯ ನಾವೆಯು ೨೦೧೭ರ ಫೆಬ್ರುವರಿಯಲ್ಲಿ ಸೇವೆಗೆ ಸೇರಿತು. ಅದೇ ವರ್ಷದ ಸೆಪ್ಟೆಂಬರ್ ೧೦ರಂದು ಗೋವೆಯ ಐಎನ್‌ಎಸ್ ಮಾಂಡವಿ ನೆಲೆಯಿಂದ ಆರು ಮಂದಿ ಮಹಿಳೆಯರು ಹೊರಟರು: ನಾಯಕಿ ವರ್ತಿಕಾ ಜೋಶಿ, ಪ್ರತಿಭಾ ಜಮ್ವಾಲ್, ಪಿ. ಸ್ವಾತಿ, ಬಿ. ಐಶ್ವರ್ಯ, ಎಸ್. ವಿಜಯಾದೇವಿ, ಪಾಯಲ್ ಗುಪ್ತಾ. ಆಗ ಕರ್ನಾಟಕದಿಂದ ರಾಜ್ಯಸಭೆಯ ಸದಸ್ಯರಾಗಿದ್ದ ರಕ್ಷಣಾಮಂತ್ರಿ ನಿರ್ಮಲಾ ಸೀತಾರಾಮನ್ ಅವರು ನಾವೆಯನ್ನು ಬೀಳ್ಕೊಟ್ಟರು. ೨೫೪ ದಿನಗಳ ತರುವಾಯ, ೨೦೧೮ರ ಮೇ ೨೧ರಂದು ತಾರಿಣಿಯು ಮರಳಿತು. ಶಾಂತಸಾಗರದ ಬಿರುಗಾಳಿಯನ್ನು ಅದು ದಾಟಿತ್ತು. ಹಿಂದೂ ಮಹಾಸಾಗರದಲ್ಲಿ ಚುಕ್ಕಾಣಿಯ ಸಾಧನವು ಮುರಿದುದರಿಂದ ಮಾರಿಷಸ್ಸಿನಲ್ಲಿ ನಿಂತು ಸರಿಪಡಿಸಿಕೊಳ್ಳಬೇಕಾಗಿಯೂ ಬಂದಿತ್ತು.

೫

ಇಷ್ಟರವರೆಗಿನದು ಏರುಗತಿಯ ವೃತ್ತಾಂತ. ಆದರೆ ಅದೇ ೨೦೧೮ರಲ್ಲಿ ಈ ಪರಂಪರೆಯ ಪರೀಕ್ಷೆ ನಡೆಯಿತು. ಮೊದಲ ಗೋಲ್ಡನ್ ಗ್ಲೋಬ್ ಪಂದ್ಯದ ಐವತ್ತನೆಯ ವರ್ಷದ ನೆನಪಿಗಾಗಿ ಫ್ರಾನ್ಸಿನಲ್ಲಿ ಅದನ್ನು ಮತ್ತೆ ಏರ್ಪಡಿಸಲಾಯಿತು. ೧೯೬೮ರಲ್ಲಿ ಇದ್ದಂತಹ ಸಲಕರಣೆಗಳನ್ನು ಮಾತ್ರ ಬಳಸಬೇಕು. ಉಪಗ್ರಹದ ನೆರವಿಲ್ಲದೆ, ಸೂರ್ಯ ನಕ್ಷತ್ರಗಳ ಎತ್ತರವನ್ನು ಸೆಕ್ಸ್‌ಟೆಂಟಿನಿಂದ ಅಳೆದು ದಾರಿ ಕಾಣಬೇಕು ಎಂಬುದು ನಿಯಮ. ಟೋಮಿಯವರಿಗಾಗಿ ಗೋವೆಯ ಅದೇ ಕಟ್ಟೆಯಲ್ಲಿ ಸುಹೈಲಿಯ ಪ್ರತಿರೂಪವಾದ 'ತುರಿಯಾ' ಸಿದ್ಧವಾಯಿತು. ಜುಲೈ ೧ರಂದು ಪಂದ್ಯವು ಆರಂಭವಾಯಿತು. ಸೆಪ್ಟೆಂಬರ್ ೨೧ರಂದು, ಅವರು ಮೂರನೆಯ ಸ್ಥಾನದಲ್ಲಿದ್ದಾಗ, ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಯು ನಾವೆಯನ್ನು ಉರುಳಿಸಿತು. ಕೂವೆಮರ ಮುರಿಯಿತು, ನಾವಿಕನ ಬೆನ್ನೆಲುಬಿಗೆ ಪೆಟ್ಟಾಗಿ ಅವರು ಏಳಲಾರದೆ ಮಲಗಿದರು. ಅದೇ ಗಾಳಿಯಲ್ಲಿ ತನ್ನ ಕೂವೆಮರವನ್ನೂ ಕಳೆದುಕೊಂಡಿದ್ದ ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್ ಅವರತ್ತ ಸಾಗಲು ಯತ್ನಿಸಿದನು. ಮೂರು ದಿನಗಳ ತರುವಾಯ 'ಓಸಿರಿಸ್' ಎಂಬ ಫ್ರೆಂಚ್ ಹಡಗು ಟೋಮಿಯವರನ್ನು ಎತ್ತಿಕೊಂಡು ಆಮ್‌ಸ್ಟರ್‌ಡ್ಯಾಮ್ ದ್ವೀಪಕ್ಕೆ ಒಯ್ದಿತು. ಅಲ್ಲಿಂದ ನೌಕಾಪಡೆಯ ಐಎನ್‌ಎಸ್ ಸಾತ್ಪುರಾ ಅವರನ್ನು ತಾಯ್ನಾಡಿಗೆ ತಂದಿತು.

ಗೂಹಲ್ಲದೇವನ ಕೂವೆಮರ ಮುರಿದಾಗ ಅರಬ ಮೂಲದ ವರ್ತಕನು ಒದಗಿದನು. ಟೋಮಿಯವರ ಕೂವೆಮರ ಮುರಿದಾಗ ಫ್ರೆಂಚರೂ ಐರಿಷನೂ ಒದಗಿದರು. ಸುಮಾರು ಸಾವಿರ ವರ್ಷಗಳ ಅಂತರದಲ್ಲಿ ನಾವೆಯ ರೂಪವೂ ದಿಕ್ಕನ್ನು ತಿಳಿಯುವ ವಿಧಾನವೂ ಬದಲಾಗಿವೆ. ಕಡಲಿನ ಧರ್ಮ ಬದಲಾಗಿಲ್ಲ. ರಾಷ್ಟ್ರೀಯ ತಂಡವನ್ನು ಕಟ್ಟುವವರು ನೆನೆಯಬೇಕಾದ ಮೊದಲ ಮಾತು ಇದು: ದಡದಲ್ಲಿ ಸ್ಪರ್ಧಿಗಳಾದವರು ನಡುಗಡಲಿನಲ್ಲಿ ಒಬ್ಬರಿಗೊಬ್ಬರು ಬಂಧುಗಳು.

ಅವಟಿಯವರು ಅದೇ ವರ್ಷದ ನವೆಂಬರಿನಲ್ಲಿ ತೀರಿಕೊಂಡರು. ಪರಂಪರೆಯ ಮೂಲಪುರುಷನು ಹೋದನು. ಅದರ ಅತ್ಯುತ್ತಮ ಶಿಷ್ಯನು ಬೆನ್ನಿನ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದನು. ಆದರೂ ಟೋಮಿಯವರು ೨೦೨೨ರ ಸೆಪ್ಟೆಂಬರಿನಲ್ಲಿ ಅದೇ ಪಂದ್ಯಕ್ಕೆ ಮತ್ತೆ ಹೊರಟರು. ಹೊರಟ ೧೬ ಮಂದಿಯಲ್ಲಿ ದಕ್ಷಿಣ ಆಫ್ರಿಕದ ಕರ್ಸ್ಟನ್ ನಾಯ್‌ಶೇಫರ್ ಎಂಬ ಮಹಿಳೆಯು ಮೊದಲಿಗಳಾದಳು. ೨೩೬ ದಿನಗಳ ತರುವಾಯ, ೨೦೨೩ರ ಏಪ್ರಿಲ್ ೨೯ರಂದು ದಡ ಮುಟ್ಟಿದ ಟೋಮಿಯವರು ಎರಡನೆಯವರಾದರು. ಸಾಗರಪಂದ್ಯದಲ್ಲಿ ಭಾರತೀಯನೊಬ್ಬನು ಪಡೆದ ಈ ಸ್ಥಾನವು ಚಿರಸ್ಮರಣೀಯವಾದುದು. ಆದರೆ ಈ ಬಾರಿ ಅವರ ನಾವೆಯು ಗೋವೆಯಲ್ಲಿ ಕಟ್ಟಿದುದಲ್ಲ. ಅದು ಹೊತ್ತಿದ್ದುದು ಪ್ರಾಯೋಜಕರಾದ ಸಂಯುಕ್ತ ಅರಬ್ ಎಮಿರೇಟಿನ ಸಂಸ್ಥೆಯೊಂದರ ಹೆಸರನ್ನು. ಅವರು ಆಗ ನೌಕಾಪಡೆಯಿಂದ ನಿವೃತ್ತರಾಗಿದ್ದರು. ಸೇವೆಯ ಹೊರಗೆ ನಿಂತ ನಾವಿಕನೊಬ್ಬನಿಗೆ ತನ್ನ ದೇಶದ ನಾವೆಯು ದೊರೆಯಲಿಲ್ಲ ಎಂಬುದನ್ನು ಇತಿಹಾಸಕಾರನು ಮರೆಮಾಚಲಾಗದು. ನಮ್ಮ ತಂಡದ ಕಥೆಯು ಬಹುಮಟ್ಟಿಗೆ ಸೇನೆಯೊಂದರ ತಂಡದ ಕಥೆ. ಅದರ ಕೊಂಡಿಗಳು ನಾಲ್ಕಾರು ವ್ಯಕ್ತಿಗಳಲ್ಲಿಯೂ ನದಿಯ ದ್ವೀಪದ ಒಂದು ಕಟ್ಟೆಯಲ್ಲಿಯೂ ನಿಂತಿವೆ. ಪರಂಪರೆಯ ಬಲವು ಗುರುವಿನಲ್ಲಿದ್ದರೆ, ಅದರ ಭಯವೂ ಅಲ್ಲಿಯೇ ಇರುತ್ತದೆ.

ಕೊಂಡಿಯು ಸದ್ಯಕ್ಕೆ ಕಳಚಿಲ್ಲ. ೨೦೨೩ರ ಜನವರಿಯಲ್ಲಿ ಕೇಪ್‌ಟೌನ್–ರಿಯೋ ಪಂದ್ಯಕ್ಕೆ ಹೊರಟ ತಾರಿಣಿಯ ತಂಡದಲ್ಲಿ ಪುರುಷರೂ ಮಹಿಳೆಯರೂ ಜೊತೆಯಾಗಿದ್ದರು. ಅವರಲ್ಲಿ ಇಬ್ಬರಾದ ದಿಲ್ನಾ ಕೆ. ಮತ್ತು ರೂಪಾ ಎ. ಅವರಿಗೆ ಟೋಮಿಯವರೇ ಗುರುಗಳಾದರು. ಈ ಇಬ್ಬರೇ ೨೦೨೪ರ ಅಕ್ಟೋಬರ್ ೨ರಂದು ಗೋವೆಯಿಂದ ಹೊರಟು, ೨೫ ಸಾವಿರಕ್ಕೂ ಮಿಕ್ಕ ನಾವಿಕ ಮೈಲಿಗಳನ್ನು ಕ್ರಮಿಸಿ, ೨೦೨೫ರ ಮೇ ೨೯ರಂದು ಮರಳಿದರು. ಅದೇ ವರ್ಷದ ಸೆಪ್ಟೆಂಬರ್ ೧೧ರಂದು ಮೂರು ಸೇನೆಗಳ ಹತ್ತು ಮಂದಿ ಮಹಿಳಾ ಅಧಿಕಾರಿಗಳು 'ತ್ರಿವೇಣಿ' ಎಂಬ ನಾವೆಯಲ್ಲಿ ಮುಂಬಯಿಯಿಂದ ಪ್ರದಕ್ಷಿಣೆಗೆ ಹೊರಟರು. ನಾಕ್ಸ್-ಜಾನ್‌ಸ್ಟನ್ನರಿಂದ ದೋಂದೆಗೆ, ದೋಂದೆಯಿಂದ ಟೋಮಿಗೂ ತಾರಿಣಿಯ ಆರು ಮಂದಿಗೂ, ಟೋಮಿಯಿಂದ ದಿಲ್ನಾ–ರೂಪಾರಿಗೆ: ಈ ವಂಶಾವಳಿಯೇ ಭಾರತದ ಸಾಗರನೌಕಾ ತಂಡದ ನಿಜವಾದ ಇತಿಹಾಸ.

೬

ಕೊನೆಯದಾಗಿ, ಒಳನಾಡಿನ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ವಿಷಯವನ್ನು ನಿವೇದಿಸುವುದು ಉಚಿತ. ತಾರಿಣಿಯ ಆರು ಮಂದಿಯ ಊರುಗಳನ್ನು ನೋಡಬೇಕು. ವರ್ತಿಕಾ ಹೃಷೀಕೇಶದವರು, ಪ್ರತಿಭಾ ಕುಲ್ಲುವಿನವರು, ಪಾಯಲ್ ದೆಹ್ರಾದೂನಿನವರು, ವಿಜಯಾದೇವಿ ಮಣಿಪುರದವರು, ಐಶ್ವರ್ಯ ಹೈದರಾಬಾದಿನವರು. ಬಂದರಿನ ಊರಾದ ವಿಶಾಖಪಟ್ಟಣದಿಂದ ಬಂದವರು ಸ್ವಾತಿ ಒಬ್ಬರೇ. ಹಿಮಾಲಯದ ತಪ್ಪಲಿನವರು ಹಾರ್ನ್ ಭೂಶಿರವನ್ನು ಸುತ್ತಬಹುದಾದರೆ, ಘಟಪ್ರಭೆಯ ದಂಡೆಯವರಿಗೆ ಸಮುದ್ರವು ದೂರವೆಂದು ಯಾರೂ ಹೇಳಲಾರರು.

ಕರ್ನಾಟಕಕ್ಕೆ ಮುನ್ನೂರು ಕಿಲೋಮೀಟರಿನ ಕರಾವಳಿಯಿದೆ. ಕಾರವಾರದಲ್ಲಿ ೨೦೦೫ರಲ್ಲಿ ಕಾರ್ಯಾರಂಭ ಮಾಡಿದ ನೌಕಾನೆಲೆಗೆ ಕದಂಬರ ಹೆಸರನ್ನೇ ಇಡಲಾಗಿದೆ. ಮಂಜಿ, ಪತ್ತೆಮಾರಿಗಳ ಮೇಲೆ ದುಡಿದ ಮನೆತನಗಳ ನೆನಪುಗಳನ್ನೂ ಗಾಳಿ, ನೀರುಗಳಿಗೆ ಅವರಿಟ್ಟ ಹೆಸರುಗಳನ್ನೂ ಬರೆದಿಟ್ಟುಕೊಳ್ಳುವ ಕೆಲಸವನ್ನು ಇತಿಹಾಸ ವಿಭಾಗಗಳು ಕೈಗೊಂಡರೆ, ಕ್ಲಬ್ಬಿನ ಆಟಕ್ಕೂ ಕರಾವಳಿಯ ದುಡಿಮೆಗೂ ನಡುವೆ ಉಳಿದುಬಂದ ಬಿರುಕು ಸ್ವಲ್ಪಮಟ್ಟಿಗಾದರೂ ತುಂಬೀತು. ತಂಡವೊಂದಕ್ಕೆ ಬೇಕಾದದ್ದು ನಾವೆ, ಹಣ, ಧೈರ್ಯಗಳಷ್ಟೇ ಅಲ್ಲ; ತನಗಿಂತ ಹಿಂದೆ ಹೋದವರ ಅರಿವೂ ಬೇಕು. ಖಾನಾಪುರದ ಕಾಡಿನ ಹೊಳೆಯೊಂದು ತನ್ನ ಹೆಸರನ್ನು ಭೂಮಿಯ ಸುತ್ತ ಕಳುಹಿಸಿತು. ಆ ಹೊಳೆಯ ನಾಡಿನವರು ಅದರ ಕಥೆಯನ್ನು ತಿಳಿದಿರಬೇಕೆಂಬುದೇ ಈ ಲೇಖನದ ಆಶಯ.